ಹುಡುಕಾಟದ ಪುಟಕ್ಕೆ ರಿಯಾಕ್ಟ್ ಬೇಕೇ?

ಪ್ರಶ್ನೆ: ನಮ್ಮದು ಚಿತ್ರದುರ್ಗದ ಒಂದು ಸಣ್ಣ ಸಂಸ್ಥೆ. ಜಿಲ್ಲೆಯ ಕೆರೆ, ಕೋಟೆ, ಶಾಸನಗಳ ಬಗ್ಗೆ ಕೆಲವು ಸಾವಿರ ಬರಹಗಳಿರುವ ಜಾಲತಾಣ, ತಾಣ ನಡೆಸುವ ತಂತ್ರಾಂಶವಾದ ಡ್ರೂಪಲ್‌ನಲ್ಲಿದೆ. ಹುಡುಕಾಟದ ಪುಟವನ್ನು ಹೊಸದಾಗಿ ಮಾಡಿಸಬೇಕು. ಡ್ರೂಪಲ್‌ನ ವ್ಯೂಸ್ (ಬರಹಗಳನ್ನು ಪಟ್ಟಿ ಮಾಡಿ ತೋರಿಸುವ ಭಾಗ) ಸಾಕೇ, ಇಲ್ಲವೇ ಡೆವಲಪರ್ ಹೇಳುವಂತೆ, ಬ್ರೌಸರ್‌ನಲ್ಲೇ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಸಾಧನವಾದ ರಿಯಾಕ್ಟ್‌ನಲ್ಲಿ ಬೇರೆಯಾಗಿ ಕಟ್ಟಿಸಬೇಕೇ?

ಉತ್ತರ: ವ್ಯೂಸ್ ಸಾಕು. ರಿಯಾಕ್ಟ್‌ಗೆಂದು ಎತ್ತಿಟ್ಟ ಹಣವನ್ನು ಇಂಡೆಕ್ಸ್ (ಹುಡುಕಾಟಕ್ಕೆಂದು ಬರಹಗಳಿಂದ ತೆಗೆದಿಟ್ಟ ಪದಗಳ ಪಟ್ಟಿ) ಸರಿಪಡಿಸಲು ಬಳಸಿ. ಕನ್ನಡದ ಹುಡುಕಾಟ ಹೆಚ್ಚಾಗಿ ಕೆಡುವುದು ಅಲ್ಲಿಯೇ.

ವ್ಯೂಸ್‌ಗೆ ಹುಡುಕಾಟಕ್ಕೆಂದೇ ಇರುವ ಸರ್ಚ್ ಎಪಿಐ ಮಾಡ್ಯೂಲ್ (ಡ್ರೂಪಲ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಜೋಡಿಸಿದರೆ ಫಲಿತಾಂಶದ ಪುಟ ಸರ್ವರ್‌ನಿಂದ ಸಿದ್ಧವಾಗಿಯೇ ಬರುತ್ತದೆ. ಹುಡುಕಿದ ಪದ ಪುಟದ ವಿಳಾಸದಲ್ಲಿ ಸೇರಿರುವುದರಿಂದ ಆ ಕೊಂಡಿಯನ್ನು ಹಾಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬಹುದು. ಒಂದು ಬರಹ ಓದಿ ಹಿಂದಕ್ಕೆ ಬಂದರೆ ಅದೇ ಪಟ್ಟಿ ಸಿಗುತ್ತದೆ. ತಾಲ್ಲೂಕು, ವಿಷಯದ ಪ್ರಕಾರ ಸೋಸಲು ಫ್ಯಾಸೆಟ್ಸ್ ಮಾಡ್ಯೂಲ್ ಇದೆ. ಮೊಳಕಾಲ್ಮೂರಿನ ಕಡೆ ಸಿಗ್ನಲ್ ಕ್ಷೀಣವಾಗಿರುವ ಮೊಬೈಲ್‌ಗೂ ಇಂಥ ಹಗುರ ಪುಟವೇ ಮೇಲು.

ರಿಯಾಕ್ಟ್‌ನಲ್ಲಿ ಇದೆಲ್ಲ ಆಗುವುದಿಲ್ಲವೆಂದಲ್ಲ. ಒಂದೊಂದನ್ನೂ ಬರೆದೇ ಮಾಡಬೇಕು. ವಿಳಾಸ ಬದಲಾಯಿಸುವುದು, ಹಿಂದಿನ ಪುಟಕ್ಕೆ ಮರಳುವುದು, ಸ್ಕ್ರೀನ್ ರೀಡರ್ ಬಳಸುವವರಿಗೆ ಪಟ್ಟಿ ಬದಲಾಯಿತೆಂದು ತಿಳಿಸುವುದು, ಎಲ್ಲವೂ. 2019ರ 8.7ನೇ ಆವೃತ್ತಿಯಿಂದ, ರಿಯಾಕ್ಟ್‌ನಂಥ ಹೊರಗಿನ ಪುಟಕ್ಕೆ ಮಾಹಿತಿ ಒದಗಿಸುವ ಜೇಸನ್ ಎಪಿಐ ಡ್ರೂಪಲ್‌ನೊಳಗೇ ಇದೆಯಾದರೂ ಅದು ಬರಹಗಳನ್ನು ಕೊಡುತ್ತದೆಯೇ ಹೊರತು ಇಂಡೆಕ್ಸ್‌ನಲ್ಲಿ ಹುಡುಕುವುದಿಲ್ಲ; ಅದಕ್ಕೆ ಮತ್ತೊಂದು ಮಾಡ್ಯೂಲ್ ಬೇಕು. ಡೆವಲಪರ್ ನಾಳೆ ಬೆಂಗಳೂರಿಗೆ ಹೋದರೆ ಇದನ್ನು ನೋಡಿಕೊಳ್ಳುವವರು ಯಾರು ಎಂದೂ ಕೇಳಿಕೊಳ್ಳಿ. ನಕ್ಷೆಯ ಮೇಲೆ ಫಲಿತಾಂಶ ತೋರಿಸಬೇಕು, ಅದೇ ಇಂಡೆಕ್ಸ್ ಮೊಬೈಲ್ ಆ್ಯಪ್‌ಗೂ ಬೇಕು ಎನ್ನುವುದಾದರೆ ಮಾತು ಬೇರೆ.

ಪುಟ ಪೂರ್ತಿ ಮರುಲೋಡ್ ಆಗುವುದು ಬೇಡವೆಂದರೆ ವ್ಯೂಸ್‌ನಲ್ಲೇ ಅಜಾಕ್ಸ್ ಆಯ್ಕೆಯಿದೆ. ಆದರೆ ಟೈಪ್ ಮಾಡುತ್ತಿರುವಾಗಲೇ ಹುಡುಕುವ ವ್ಯವಸ್ಥೆಯನ್ನು ಎಚ್ಚರಿಕೆಯಿಂದ ಮಾಡಿಸಿ. ‘ಕೋಟೆ’ ಎಂದು ಬರೆಯುವಷ್ಟರಲ್ಲಿ ‘ಕ’, ‘ಕೋ’, ‘ಕೋಟ’ ದಾಟಿ ಹೋಗಬೇಕು. ಪ್ರತಿ ಹಂತದಲ್ಲೂ ಪಟ್ಟಿ ಕುಣಿದರೆ ಓದುವವರಿಗೆ ತಲೆನೋವು. ಬೆರಳು ನಿಂತ ಮೇಲಷ್ಟೇ ಸರ್ವರ್‌ಗೆ ಕೇಳಿಕೆ ಹೋಗಲಿ.

ಇನ್ನು ಇಂಡೆಕ್ಸ್. ಡ್ರೂಪಲ್‌ನ ಮೂಲ ಸರ್ಚ್ ಇಡೀ ಪದವನ್ನೇ ಹೋಲಿಸುತ್ತದೆ. ‘ಕೋಟೆ’ ಎಂದು ಕೇಳಿದರೆ ‘ಕೋಟೆಯ’, ‘ಕೋಟೆಯಲ್ಲಿ’ ಎಂದಿರುವ ಬರಹ ಸಿಗುವುದಿಲ್ಲ. ವಿಭಕ್ತಿಯಿಲ್ಲದೆ ನಾವು ಎಷ್ಟು ವಾಕ್ಯ ಬರೆಯುತ್ತೇವೆ? ಸರ್ಚ್ ಎಪಿಐನಲ್ಲಿ ಪದದ ಆರಂಭ ಹೊಂದಿದರೆ ಸಾಕೆಂಬ ಆಯ್ಕೆ ಹಾಕಿದರೆ ಇದು ಬಗೆಹರಿಯುತ್ತದೆ. ಆದರೂ ‘ಕಲ್ಲು’ ಎಂದು ಹುಡುಕಿದವರಿಗೆ ‘ಕಲ್ಲಿನ ಕೋಟೆ’ ಸಿಗುವುದಿಲ್ಲ, ಕೊನೆಯ ಉಕಾರ ಅಡ್ಡ ಬರುತ್ತದೆ. ಊರು–ಊರಿನ, ಕಾಡು–ಕಾಡಿನ, ಎಲ್ಲಕ್ಕೂ ಇದೇ ಪಾಡು. ಹುಡುಕುವ ಪದದ ಕೊನೆಯ ಕೊಂಬನ್ನು ಕತ್ತರಿಸಿ ಕಳುಹಿಸುವ ಪುಟ್ಟ ನಿಯಮವೊಂದನ್ನು ಡೆವಲಪರ್ ಬರೆದುಕೊಟ್ಟರೆ ಸಾಕು. ಆಗ ಕಲ್ಲಂಗಡಿಯೂ ಪಟ್ಟಿಗೆ ಬರುತ್ತದೆ; ಏನೂ ಸಿಗದಿರುವುದಕ್ಕಿಂತ ಅದು ವಾಸಿ.

ಊರವರ ಹೆಸರು ಬೇರೆ, ಬರಹದ ಹೆಸರು ಬೇರೆ ಎಂಬ ತೊಡಕೂ ಇದೆ. ಬರಹದಲ್ಲಿ ವಾಣಿವಿಲಾಸ ಸಾಗರ ಎಂದಿದ್ದರೆ ಹಿರಿಯೂರಿನ ಹಿರಿಯರು ಹುಡುಕುವುದು ಮಾರಿಕಣಿವೆಯನ್ನು. ಚನ್ನಗಿರಿಯ ಶಾಂತಿಸಾಗರಕ್ಕೆ ಸೂಳೆಕೆರೆ ಎಂದೇ ರೂಢಿ. ದಾವಣಗೆರೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ನಡುವಿನ ‘ಎ’ ಬಿಟ್ಟು ಬರೆಯುವವರು ಬೇಕಾದಷ್ಟು. ಸೋಲರ್ ಎಂಬ ಪ್ರತ್ಯೇಕ ಹುಡುಕಾಟದ ಸರ್ವರ್ ಬಳಸುವುದಾದರೆ ಸಮಾನಾರ್ಥಕಗಳ ಕಡತವಿದೆ. ಅಷ್ಟು ದೊಡ್ಡ ವ್ಯವಸ್ಥೆ ಬೇಡವೆಂದರೆ ಪ್ರತಿ ಬರಹಕ್ಕೆ ‘ಇತರ ಹೆಸರುಗಳು’ ಎಂಬ ಅಂಕಣ ಸೇರಿಸಿ, ಪುಟದಲ್ಲಿ ತೋರಿಸದೆ ಇಂಡೆಕ್ಸ್‌ಗೆ ಮಾತ್ರ ಕೊಡಿ.

ಹಳೆಯ ಬರಹಗಳು ಯುನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಫಾಂಟ್‌ನಿಂದ ನಕಲಾಗಿ ಬಂದಿದ್ದರೆ ಅವುಗಳೊಳಗಿರುವುದು ಕನ್ನಡ ಅಕ್ಷರವೇ ಅಲ್ಲ, ಲ್ಯಾಟಿನ್ ಸಂಕೇತಗಳು. ಎಂಥ ಚೆಂದದ ಪುಟವೂ ಅವನ್ನು ಹುಡುಕಿಕೊಡಲಾರದು, ಮೊದಲು ಪರಿವರ್ತಿಸಿ.

ಡೆವಲಪರ್ ಮಾದರಿ ತಂದಾಗ ಬಣ್ಣ, ಅನಿಮೇಷನ್ ನೋಡುವ ಮೊದಲು ‘ಕಲ್ಲು’, ‘ಊರು’, ‘ಮಾರಿಕಣಿವೆ’ ಎಂದು ನೀವೇ ಟೈಪ್ ಮಾಡಿ. ಖಾಲಿ ಪಟ್ಟಿ ಬಂದರೆ ಉಳಿದ ಹಣ ಕೊಡಬೇಡಿ.