ತೋಳಿನೊಳಗೆ ಅಡಗಿಸಿದ ವೇಪ್

ಇ-ಸಿಗರೇಟ್, ಅಂದರೆ ಬ್ಯಾಟರಿಯಿಂದ ದ್ರವ ಕಾಯಿಸಿ ಎಳೆಯುವ ವೇಪ್, ಇದರ ಚಟ ಇರುವವರು ನನ್ನ ಹತ್ತಿರ ಬಂದರೆ ‘ದಿನಕ್ಕೆ ಎಷ್ಟು?’ ಅಂತ ಮೊದಲು ಕೇಳುವುದಿಲ್ಲ. ಕೇಳಿದರೂ ಅವರಿಗೆ ಗೊತ್ತಿರುವುದಿಲ್ಲ. ಸಿಗರೇಟ್ ಹತ್ತು ಹದಿನೈದು ದಮ್ಮಿಗೆ ಮುಗಿದುಹೋಗುತ್ತದೆ. ತುಂಡು ಬೆರಳು ಸುಡುತ್ತದೆ, ಬಿಸಾಕಲೇಬೇಕು. ವೇಪ್‌ಗೆ ಹಾಗೆ ಕೊನೆ ಅಂತ ಇಲ್ಲ. ಬೆಳಿಗ್ಗೆ ಜೇಬಿಗೆ ಸೇರಿದರೆ ರಾತ್ರಿ ಮಲಗುವವರೆಗೆ ಆಗಾಗ ಒಂದೊಂದು ದಮ್ಮು. ಯಾರು ಲೆಕ್ಕ ಇಡುತ್ತಾರೆ? ಅದಕ್ಕೇ ನಾನು ಬೇರೆ ಪ್ರಶ್ನೆ ಕೇಳುತ್ತೇನೆ: ‘ಎಲ್ಲೆಲ್ಲಿ ಕದ್ದು ಎಳೀತೀರಿ?’

ಇದಕ್ಕೆ ಉತ್ತರ ಸಿಗುತ್ತದೆ. ಒಬ್ಬ ಯುವಕ ತಲೆ ತಗ್ಗಿಸಿಕೊಂಡು ಒಂದೊಂದೇ ಜಾಗ ಹೇಳಿದ. ಆಫೀಸಿನ ಟಾಯ್ಲೆಟ್, ಸಿನಿಮಾ ಥಿಯೇಟರ್, ಬಸ್ಸಿನ ಕೊನೇ ಸೀಟು, ಅಪ್ಪನನ್ನು ಸೇರಿಸಿದ್ದ ಆಸ್ಪತ್ರೆಯ ಮೆಟ್ಟಿಲು. ಆಮೇಲೆ ಮಾಡಿಯೂ ತೋರಿಸಿದ. ತುಂಬು ತೋಳಿನ ಅಂಗಿಯ ಕಫ್ ಒಳಗೆ ಪೆನ್ನಿನಷ್ಟು ದಪ್ಪದ ವೇಪ್. ಬಾಯಿ ಒರೆಸಿಕೊಳ್ಳುವ ಹಾಗೆ ಕೈ ಮೇಲೆ ಹೋಗುತ್ತದೆ. ಒಂದು ದಮ್ಮು. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು, ಆಮೇಲೆ ಕಾಲರ್ ಒಳಗೆ ಮೆಲ್ಲಗೆ ಬಿಡುವುದು. ಎದುರಿಗೇ ಕೂತಿದ್ದ ನನಗೇ ಏನೂ ಕಾಣಲಿಲ್ಲ.

ಅವನ ಚಿಂತೆ ಕೆಮ್ಮಿನದಲ್ಲ. ಮುಂದಿನ ವಾರ 10 ಗಂಟೆಯ ವಿಮಾನ ಪ್ರಯಾಣ ಇತ್ತು. ‘ಡಾಕ್ಟ್ರೇ, ಟಾಯ್ಲೆಟ್‌ನಲ್ಲಿ ಒಂದೇ ಒಂದ್ಸಲ ಎಳೆದ್ರೆ ಗೊತ್ತಾಗುತ್ತಾ? ಬರೀ ಹಬೆ ಅಲ್ವಾ?’ ಅಂದ.

ಬರೀ ಹಬೆ. ಈ ಎರಡು ಪದ ಎಷ್ಟು ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕಾರಿನಲ್ಲಿ ವೇಪ್ ಎಳೆಯುವವರಿಗೆ ನಾನು ಒಂದು ಕೆಲಸ ಹೇಳುತ್ತೇನೆ. ಕಾರಿನ ಮುಂದಿನ ಗಾಜನ್ನು ಒಳಗಡೆಯಿಂದ ಬಿಳಿ ಟಿಶ್ಯೂನಲ್ಲಿ ಒಂದು ಸಲ ಗಟ್ಟಿಯಾಗಿ ಒರೆಸಿ. ಅಂಟಂಟಾದ ಮಬ್ಬು ಪದರ ಕೈಗೆ ಹತ್ತುತ್ತದೆ. ನೀರಿನ ಹಬೆಯಾಗಿದ್ದರೆ ಆರಿ ಹೋಗಬೇಕಿತ್ತು. ಇದು ಆರುವುದಿಲ್ಲ, ಕೂರುತ್ತದೆ.

ಯಾಕೆಂದರೆ ಅದು ಆವಿಯಲ್ಲ, ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ಹನಿ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಪರಿಮಳಕ್ಕೆ ಹಾಕಿದ ರಾಸಾಯನಿಕ, ಇಷ್ಟು ಅದರ ಮೈ. ದ್ರವ ಕಾದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಥರದ ವಸ್ತುಗಳೂ ಹುಟ್ಟುತ್ತವೆ. ಕಾಯುವ ತಂತಿಯಿಂದ ನಿಕಲ್, ಕ್ರೋಮಿಯಂನಂಥ ಲೋಹದ ಕಣಗಳು ಸೇರುತ್ತವೆ. ಎಳೆದವರು ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವುದಿಲ್ಲ, ಒಂದಷ್ಟು ಹೊರಗೆ ಬಿಡುತ್ತಾರೆ. ವೇಪ್ ಎಳೆಯುವವರ ಜೊತೆ ಒಂದೇ ಮನೆಯಲ್ಲಿ ಇರುವವರ ಮೈಯಲ್ಲಿ ಕೊಟಿನಿನ್ ಪತ್ತೆಯಾಗಿದೆ. ನಿಕೋಟಿನ್ ದೇಹದೊಳಗೆ ಹೋಗಿ ಒಡೆದಾಗ ಆಗುವ ವಸ್ತು ಅದು.

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಪಕ್ಕದವರಿಗೆ ಸಿಗರೇಟ್ ಹೊಗೆಯಷ್ಟು ಇದು ಕೆಟ್ಟದ್ದಲ್ಲ. ಸಿಗರೇಟ್ ಯಾರೂ ಎಳೆಯದಿದ್ದರೂ ಉರಿಯುತ್ತಲೇ ಹೊಗೆ ಬಿಡುತ್ತಿರುತ್ತದೆ. ವೇಪ್‌ನಲ್ಲಿ ಆ ಕಾಟ ಇಲ್ಲ. ಟಾರ್, ಕಾರ್ಬನ್ ಮೋನಾಕ್ಸೈಡ್ ಕೂಡ ಆ ಮಟ್ಟದಲ್ಲಿ ಇರುವುದಿಲ್ಲ. ಗಾಳಿ ಆಡುವ ಬಯಲಿನಲ್ಲಿ ಹನಿಗಳು ಬೇಗ ಚದುರಿ ಹೋಗುತ್ತವೆ. ಆದರೆ ಕದ್ದು ಎಳೆಯುವವರು ಬಯಲಿಗೆ ಹೋಗುತ್ತಾರಾ? ಕಿಟಕಿ ಇಲ್ಲದ ಕಡೆ, ಬಾಗಿಲು ಹಾಕಿದ ಕಡೆ, ಲಿಫ್ಟ್ ಪಕ್ಕ, ಎಸಿ ಬಸ್ಸಿನ ಮೂಲೆ, ಮಗು ಮಲಗಿರುವ ಕಾರು, ಇಂಥ ಕಡೆಯೇ ಎಳೆಯುತ್ತಾರೆ. ಆಮೇಲೆ ಅದೇ ಟಾಯ್ಲೆಟ್‌ಗೆ ಆಸ್ತಮಾ ಇರುವವರು ಹೋದರೆ ಪ್ರೊಪಿಲೀನ್ ಗ್ಲೈಕಾಲ್ ಗಂಟಲನ್ನು ಕೆರಳಿಸಿ ಕೆಮ್ಮು ತರಿಸಬಹುದು. ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವಿಗೆ ನಿಕೋಟಿನ್ ಒಳ್ಳೆಯದಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸಿಗರೇಟ್ ಆದರೆ ವಾಸನೆ ಬಡಿದ ಕೂಡಲೇ ಆಕೆ ಎದ್ದು ಬೇರೆ ಕಡೆ ಹೋಗುತ್ತಾಳೆ. ಇಲ್ಲಿ ಮಾವಿನ ಹಣ್ಣಿನ ಪರಿಮಳ ಬಂದರೆ ಯಾರಿಗೆ ಅನುಮಾನ ಬರುತ್ತದೆ? ಗೊತ್ತಾಗದಂತೆ ಎಳೆಯುವವರು ಪಕ್ಕದವರಿಂದ ಎದ್ದು ಹೋಗುವ ಅವಕಾಶವನ್ನೇ ಕಿತ್ತುಕೊಂಡಿರುತ್ತಾರೆ. ನನಗೆ ತುಂಬ ನೋವಾಗುವುದು ಈ ವಿಷಯದಲ್ಲಿ.

ಆಸ್ಪತ್ರೆ ಮೆಟ್ಟಿಲಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಕ್ಸಿಜನ್ ಹಚ್ಚಿಕೊಂಡವರ ಹತ್ತಿರ ವೇಪ್ ತರಲೇಬೇಡಿ. ಅದರ ತಂತಿ ಕಾಯುತ್ತದೆ, ಆಕ್ಸಿಜನ್ ಜಾಸ್ತಿ ಇರುವ ಕಡೆ ಒಂದು ಕಿಡಿ ಸಾಕು. ಬೆಂಕಿ ಮೊದಲು ಹೊತ್ತುವುದು ರೋಗಿಯ ಮುಖಕ್ಕೆ.

ಈಗ ಆ ಯುವಕನ ಪ್ರಶ್ನೆಗೆ ಬರೋಣ. ಗೊತ್ತಾಗುತ್ತದೆ. ವಿಮಾನದ ಪ್ರತಿ ಟಾಯ್ಲೆಟ್‌ನಲ್ಲೂ ಹೊಗೆ ಪತ್ತೆ ಮಾಡುವ ಸಾಧನ ಇರುತ್ತದೆ. ಇಂಥ ಸಾಧನಗಳಲ್ಲಿ ಹಲವು ಬೆಳಕಿನ ಮೇಲೆ ಕೆಲಸ ಮಾಡುತ್ತವೆ. ಒಳಗೆ ಒಂದು ಸಣ್ಣ ಬೆಳಕಿನ ಕಿರಣ. ಕಣಗಳು ಅಡ್ಡ ಬಂದರೆ ಬೆಳಕು ಚದುರುತ್ತದೆ, ಅಲಾರಂ ಕೂಗುತ್ತದೆ. ಆ ಕಣ ಬೂದಿಯದೋ ಗ್ಲಿಸರಿನ್ ಹನಿಯದೋ ಅಂತ ಅದು ವಿಚಾರಿಸುವುದಿಲ್ಲ. ಹೋಟೆಲ್ ರೂಮಿನಲ್ಲೂ ಇದೇ ಕಥೆ. ಕೆಲವು ರೈಲುಗಳಲ್ಲಂತೂ ಅಲಾರಂ ಕೂಗಿದರೆ ಇಡೀ ಗಾಡಿ ನಿಲ್ಲಿಸಬೇಕಾಗುತ್ತದೆ. ಅಲಾರಂ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟುವ ‘ಬುದ್ಧಿವಂತರ’ ಕಥೆಯೂ ಕೇಳಿದ್ದೇನೆ. ದಯವಿಟ್ಟು ಮಾಡಬೇಡಿ. ನಿಜವಾಗಿ ಬೆಂಕಿ ಬಿದ್ದ ದಿನ ಅಷ್ಟೂ ಜನಕ್ಕೆ ಅದೊಂದೇ ಕಾವಲು. ಎಷ್ಟೋ ದೇಶಗಳಲ್ಲಿ ಅದನ್ನು ಮುಟ್ಟುವುದೇ ಅಪರಾಧ.

ಕದ್ದು ಎಳೆಯುವುದು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ 2018ರ ಜುಲೈ 10ರ ಘಟನೆ ಹೇಳುತ್ತೇನೆ. ಹಾಂಗ್‌ಕಾಂಗ್‌ನಿಂದ ಚೀನಾದ ದಾಲಿಯನ್‌ಗೆ ಹೊರಟಿದ್ದ ವಿಮಾನ, ಒಳಗೆ 153 ಪ್ರಯಾಣಿಕರು. ಸಹ-ಪೈಲಟ್ ಕಾಕ್‌ಪಿಟ್‌ನಲ್ಲೇ ಇ-ಸಿಗರೇಟ್ ಎಳೆದ. ಅದರ ಹೊಗೆ ಪ್ರಯಾಣಿಕರ ಕಡೆಗೆ ಹೋಗಬಾರದು ಅಂತ ಗಾಳಿ ತಿರುಗಿಸುವ ಫ್ಯಾನ್ ಆಫ್ ಮಾಡಲು ಹೋದ. ಕ್ಯಾಪ್ಟನ್‌ಗೂ ಹೇಳಲಿಲ್ಲ. ಕೈ ಪಕ್ಕದ ಸ್ವಿಚ್‌ಗೆ ಹೋಗಿ ಏರ್ ಕಂಡೀಷನಿಂಗ್ ನಿಂತುಹೋಯಿತು. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಇಳಿದು ಎಚ್ಚರಿಕೆ ಬಂತು. ಪ್ರಯಾಣಿಕರ ತಲೆ ಮೇಲಿಂದ ಆಕ್ಸಿಜನ್ ಮಾಸ್ಕ್ ಉದುರಿದವು. ವಿಮಾನವನ್ನು ಅವಸರವಾಗಿ ಸುಮಾರು 10,000 ಅಡಿಗೆ ಇಳಿಸಬೇಕಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಅವನು ಎಳೆದಿದ್ದು ತಪ್ಪು, ಸರಿ. ಆದರೆ ಮಾಸ್ಕ್ ಉದುರಿದ್ದು ಅದನ್ನು ಮುಚ್ಚಿಡಲು ಹೋಗಿದ್ದರಿಂದ.

ಎಳೆಯುವುದು ಬೇಡ, ಸುಮ್ನೆ ಬ್ಯಾಗಿನಲ್ಲಿ ತೆಗೆದುಕೊಂಡು ಹೋಗಬಹುದಾ? ಅಂತರರಾಷ್ಟ್ರೀಯ ವಿಮಾನಯಾನ ನಿಯಮ ಸ್ಪಷ್ಟವಾಗಿದೆ. ಚೆಕ್-ಇನ್ ಬ್ಯಾಗಿಗೆ ಹಾಕಬಾರದು, ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲೇ ಇರಬೇಕು. ವಿಮಾನದೊಳಗೆ ಚಾರ್ಜ್ ಹಾಕುವಂತಿಲ್ಲ. ಕಾರಣ ಅದರೊಳಗಿನ ಲಿಥಿಯಂ ಬ್ಯಾಟರಿ. ಬ್ಯಾಗಿನಲ್ಲಿ ಬಟನ್ ಒತ್ತಿಕೊಂಡು ತಂತಿ ತಾನಾಗಿ ಕಾಯತೊಡಗಿದರೆ, ಅಥವಾ ಬ್ಯಾಟರಿ ಒಳಗೇ ಶಾರ್ಟ್ ಆದರೆ, ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ನಿಲ್ಲದೆ ಏರುತ್ತದೆ. ಸೀಟಿನ ಹತ್ತಿರ ಹೊಗೆ ಎದ್ದರೆ ಸಿಬ್ಬಂದಿ ಓಡಿ ಬಂದು ನೀರು ಹಾಕಿ ತಣಿಸಬಹುದು. ಕೆಳಗಿನ ಲಗೇಜ್ ಗೂಡಿಗೆ ಆಕಾಶದಲ್ಲಿ ಯಾರು ಹೋಗುತ್ತಾರೆ? ಇಷ್ಟಿದ್ದರೂ ಕೆಲವು ದೇಶಗಳಲ್ಲಿ, ಕೆಲವು ವಿಮಾನಗಳಲ್ಲಿ ಕೈಬ್ಯಾಗಿನಲ್ಲೂ ಬಿಡುವುದಿಲ್ಲ. ಟಿಕೆಟ್ ಜೊತೆ ಬರುವ ನಿಯಮ ಓದಿಯೇ ಹೊರಡಿ.

ಬಿಡಿ ಬ್ಯಾಟರಿ ಇನ್ನೂ ಅಪಾಯ. ಒಬ್ಬರು ತೊಡೆ ಸುಟ್ಟುಕೊಂಡಿದ್ದನ್ನು ನಾನು ನೋಡಿದ್ದೇನೆ. ಪ್ಯಾಂಟ್ ಜೇಬಿನಲ್ಲಿ ಸ್ಪೇರ್ ಬ್ಯಾಟರಿ, ಅದೇ ಜೇಬಿನಲ್ಲಿ ಬೀಗದ ಕೈ ಗೊಂಚಲು. ಬ್ಯಾಟರಿಯ ಎರಡು ತುದಿಗೂ ಬೀಗದ ಕೈ ತಾಕಿ ಶಾರ್ಟ್ ಆಗಿತ್ತು. ಬೆಂಕಿಯ ಗಾಯ ಒಂದು ಕಡೆ, ಸೋರಿದ ರಾಸಾಯನಿಕದ ಗಾಯ ಇನ್ನೊಂದು ಕಡೆ. ಪ್ಯಾಂಟಿನ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು, ಬಿಡಿಸುವಾಗ ಅವರು ನನ್ನ ಕೈ ಹಿಡಿದುಕೊಂಡಿದ್ದರು. ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ಯಾಟರಿ ಹಾಕಿಟ್ಟಿದ್ದರೆ ಇಷ್ಟೂ ತಪ್ಪುತ್ತಿತ್ತು. ಅಂದಹಾಗೆ, ಒಂದು ಸಲ ಬಳಸಿ ಎಸೆಯುವ ವೇಪ್‌ನಲ್ಲೂ ಇಂಥದ್ದೇ ಬ್ಯಾಟರಿ ಇರುತ್ತದೆ. ಅದನ್ನು ಮಾಮೂಲಿ ಕಸದ ಬುಟ್ಟಿಗೆ ಹಾಕಬೇಡಿ. ಕಸದ ಲಾರಿಯಲ್ಲಿ ಜಜ್ಜಿದಾಗ ಹೊತ್ತಿಕೊಳ್ಳುತ್ತದೆ.

ದ್ರವದ ಕಥೆ ಚಿಕ್ಕದು. ವಿಮಾನ ಮೇಲೇರಿದಾಗ ಕ್ಯಾಬಿನ್ ಒತ್ತಡ ಕಡಿಮೆಯಾಗಿ ವೇಪ್‌ನ ದ್ರವ ತುಂಬುವ ಟ್ಯಾಂಕ್ ಒಳಗಿನ ಗಾಳಿ ಹಿಗ್ಗುತ್ತದೆ, ದ್ರವ ಹೊರಗೆ ಸೋರುತ್ತದೆ. ಟ್ಯಾಂಕ್ ಖಾಲಿ ಮಾಡಿಯೇ ಹತ್ತಿ. ಬಾಟಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಹಣ್ಣಿನ ಪರಿಮಳದ ಆ ದ್ರವದ ಸ್ವಲ್ಪವೇ ಭಾಗ ಹೊಟ್ಟೆಗೆ ಹೋದರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ.

ಇನ್ನು ದೇಶ ದಾಟುವವರಿಗೆ. ‘ನಮ್ಮಲ್ಲಿ ಯಾರೂ ಏನೂ ಅನ್ನಲ್ಲ’ ಅನ್ನುವ ಲೆಕ್ಕ ಬೇರೆ ಕಡೆ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿದ ಪ್ರಕಾರ 34 ದೇಶಗಳಲ್ಲಿ ಇ-ಸಿಗರೇಟ್ ಮಾರಾಟಕ್ಕೆ ನಿಷೇಧ ಇತ್ತು. ಬ್ರೆಜಿಲ್ 2009ರಲ್ಲೇ ಮಾರಾಟ ನಿಲ್ಲಿಸಿತು. ಭಾರತದಲ್ಲಿ 2019ರಿಂದ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಯಾವುದಕ್ಕೂ ಅವಕಾಶ ಇಲ್ಲ. ಸಿಂಗಪುರದಲ್ಲಿ 2018ರ ಫೆಬ್ರುವರಿಯಿಂದ ಜೇಬಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಥಾಯ್ಲೆಂಡ್‌ಗೆ ತರುವಂತೆಯೇ ಇಲ್ಲ. ಇಂಗ್ಲೆಂಡ್‌ನಲ್ಲಿ ಇನ್ನೊಂದು ಥರ. ಅಲ್ಲಿನ 2007ರ ಧೂಮಪಾನ ನಿಷೇಧದ ಕಾನೂನಿಗೆ ವೇಪ್ ಸೇರಿಲ್ಲ, ಆದರೂ ರೈಲಿನಲ್ಲಿ ಎಳೆಯುವಂತಿಲ್ಲ. ಹೊರಡುವ ಊರಿನ ಕಾನೂನು, ಇಳಿಯುವ ಊರಿನ ಕಾನೂನು, ನಡುವೆ ವಿಮಾನ ಬದಲಿಸುವ ಊರಿನದು, ಮೂರೂ ನೋಡಬೇಕು. ಮಧ್ಯದ ಊರನ್ನು ಜನ ಮರೆಯುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಆ ಹುಡುಗನ ಮುಖ ಇನ್ನೂ ಬಾಡಿತು. ‘ಹಾಗಾದ್ರೆ 10 ಗಂಟೆ ಹೇಗಿರಲಿ?’ ಅಂದ. ವೈದ್ಯರ ಕೆಲಸ ನಿಜವಾಗಿ ಶುರುವಾಗುವುದು ಈ ಪ್ರಶ್ನೆಯಿಂದ. ಬೇಡ ಬೇಡ ಅನ್ನುವುದಷ್ಟೇ ಆದರೆ ನಾವು ಯಾಕೆ ಬೇಕು?

2010ರಲ್ಲಿ ಇಸ್ರೇಲಿನ ಸಂಶೋಧಕರು ಸಿಗರೇಟ್ ಸೇದುವ ವಿಮಾನ ಸಿಬ್ಬಂದಿಯ ಮೇಲೆ ಮಾಡಿದ ಅಧ್ಯಯನ ಒಂದನ್ನು ಪ್ರಕಟಿಸಿದರು. ನನಗೆ ತುಂಬ ಇಷ್ಟವಾದದ್ದು ಅದು. ಕೆಲವರು ಮೂರರಿಂದ ಐದೂವರೆ ಗಂಟೆಯ ಹಾರಾಟದಲ್ಲಿದ್ದರು, ಕೆಲವರು 8ರಿಂದ 13 ಗಂಟೆಯದರಲ್ಲಿ. ಸೇದಬೇಕು ಅನ್ನುವ ತಲಬು ಎಷ್ಟು ಹೊತ್ತು ಬಿಟ್ಟಿದ್ದಾರೆ ಅನ್ನುವುದಕ್ಕಿಂತ, ಇಳಿಯುವುದಕ್ಕೆ ಎಷ್ಟು ಹೊತ್ತಿದೆ ಅನ್ನುವುದಕ್ಕೇ ಹೆಚ್ಚು ಅಂಟಿಕೊಂಡಿತ್ತು. ಚಿಕ್ಕ ಹಾರಾಟದ ಕೊನೆಯಲ್ಲಿ ತಲಬು ಏರಿತ್ತು. ಅಷ್ಟೇ ಹೊತ್ತು ಕಳೆದಿದ್ದರೂ ದೊಡ್ಡ ಹಾರಾಟದ ನಡುವಿನಲ್ಲಿದ್ದವರಿಗೆ ಅಷ್ಟಿರಲಿಲ್ಲ. ಸಿಗುವುದಿಲ್ಲ ಅಂತ ಖಚಿತವಾದರೆ ಮನಸ್ಸು ಸುಮ್ಮನಾಗುತ್ತದೆ. ಸಿಗಬಹುದು ಅನ್ನಿಸಿದ ಕೂಡಲೇ ಕೆರಳುತ್ತದೆ.

ಇದನ್ನು ತೋಳಿನೊಳಗಿನ ವೇಪ್ ಪಕ್ಕ ಇಟ್ಟು ನೋಡಿ. ಎಲ್ಲಿ ಬೇಕಾದರೂ ಕದ್ದು ಎಳೆಯಬಹುದು ಅಂದರೆ ಎಲ್ಲ ಕಡೆಯೂ ‘ಸಿಗಬಹುದು’ ಅಂತಲೇ ಆಯಿತು. ತಲಬಿಗೆ ಮಲಗಲು ಹೊತ್ತೇ ಇಲ್ಲ. ಪ್ರತಿ ಟಾಯ್ಲೆಟ್ ಬಾಗಿಲೂ ಕರೆಯುತ್ತದೆ. ಅಡಗಿಸುವುದು ಸುಲಭವಾದಷ್ಟೂ ಚಟ ಬಲವಾಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಹಾಗಾಗಿ ಅವನಿಗೆ ಮೊದಲು ಹೇಳಿದ್ದು, ವೇಪ್ ಮನೆಯಲ್ಲೇ ಬಿಟ್ಟು ಹೋಗು ಅಂತ. ಹತ್ತುವ ಮುಂಚೆ ಒಂದೇ ಸಮನೆ ಎಳೆದು ‘ತುಂಬಿಕೊಳ್ಳುವ’ ಕೆಲಸ ಬೇಡ ಅಂದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ತುಂಬಿಕೊಂಡದ್ದು ನಿಲ್ಲುವುದಿಲ್ಲ, ಉಳಿಯುವುದು ತಲೆಸುತ್ತು, ವಾಕರಿಕೆ ಅಷ್ಟೇ. ಅದರ ಬದಲು ಬೆಳಿಗ್ಗೆಯೇ ತೋಳಿಗೆ ನಿಕೋಟಿನ್ ಪ್ಯಾಚ್, ಅಂದರೆ ಚರ್ಮದ ಮೂಲಕ ನಿಧಾನಕ್ಕೆ ನಿಕೋಟಿನ್ ಬಿಡುವ ಪಟ್ಟಿ, ಅಂಟಿಸಿಕೊಳ್ಳಬೇಕು. ಅದು ಪೂರ್ತಿ ಕೆಲಸ ಮಾಡಲು ಕೆಲವು ಗಂಟೆ ಬೇಕು, ಏರ್‌ಪೋರ್ಟ್‌ನಲ್ಲಿ ಅಂಟಿಸಿದರೆ ತಡವಾಯಿತು. ಜೇಬಿನಲ್ಲಿ ನಿಕೋಟಿನ್ ಗಮ್. ಎದ್ದು ಅರ್ಧ ಗಂಟೆಯೊಳಗೆ ಮೊದಲ ದಮ್ಮು ಬೇಕು ಅನ್ನುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಇದನ್ನು ಚೂಯಿಂಗ್ ಗಮ್ ಥರ ಜಗಿಯಬಾರದು. ನಿಧಾನಕ್ಕೆ ಅಗಿದು, ಬಾಯಿ ಚುರುಚುರು ಅಂದಾಗ ಕೆನ್ನೆ ಪಕ್ಕಕ್ಕೆ ಸರಿಸಿ ಇಡಬೇಕು. ಚುರುಚುರು ನಿಂತಾಗ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ, ಜ್ಯೂಸ್ ಬೇಡ, ಕುಡಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು.

ಅವನು ಪ್ರಯಾಣ ಮುಗಿಸಿ ಮತ್ತೆ ಬಂದ. ‘ಮೇಲೆ ಇರೋವಾಗ ಅಷ್ಟೇನೂ ಕಷ್ಟ ಆಗ್ಲಿಲ್ಲ ಡಾಕ್ಟ್ರೇ. ಸಿನಿಮಾ ನೋಡ್ದೆ, ನಿದ್ದೆ ಮಾಡ್ದೆ. ಸೀಟ್ ಬೆಲ್ಟ್ ಹಾಕ್ಕೊಳ್ಳಿ, ಇಳೀತಾ ಇದೀವಿ ಅಂದ್ರಲ್ಲ, ಆವಾಗ ಕೈ ನಡುಗೋಕೆ ಶುರುವಾಯ್ತು,’ ಅಂದ. ಏನು ಮಾಡಿದೆ ಅಂತ ಕೇಳಿದೆ. ‘ಗಮ್ ಬಾಯಿಗೆ ಹಾಕ್ಕೊಂಡೆ. ಬ್ಯಾಗ್ ಬರೋವರೆಗೂ ಬೆಲ್ಟ್ ಹತ್ರ ನಿಂತು ಅದನ್ನೇ ಅಗೀತಿದ್ದೆ.’ ಮಾತಾಡುತ್ತಾ ಅವನ ಕೈ ತಾನಾಗಿ ಬಾಯಿ ಹತ್ತಿರ ಹೋಯಿತು. ಕಫ್ ಖಾಲಿ ಇತ್ತು.