ದಿನ ತುಂಬದ ಮಗುವಿಗೆ ಕಬ್ಬಿಣ: ಹಿಮೋಗ್ಲೋಬಿನ್ ನೋಡಿದರೆ ಸಾಕೇ?

ಸಕಲೇಶಪುರ, ಆಲೂರು, ಅರಕಲಗೂಡು ಕಡೆ ದಿನ ತುಂಬುವ ಮೊದಲೇ ಮಗು ಹುಟ್ಟಿದರೆ ಹಾಸನದ ಆಸ್ಪತ್ರೆಗೆ ಓಡುತ್ತಾರೆ. ಮನೆಯವರು ಕೇಳುವುದು ಉಸಿರಾಟ, ತೂಕದ ಬಗ್ಗೆ. ಕಬ್ಬಿಣದ ಮಾತು ಬರುವುದು ತಡವಾಗಿ.

ತಾಯಿಯಿಂದ ಮಗುವಿಗೆ ಕಬ್ಬಿಣ ಜಾಸ್ತಿ ಸಿಗುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಏಳು ತಿಂಗಳಿಗೇ ಹುಟ್ಟಿದ ಮಗುವಿಗೆ ಆ ಪಾಲು ತಪ್ಪಿಹೋಗುತ್ತದೆ. ಜೊತೆಗೆ ಪರೀಕ್ಷೆಗೆಂದು ರಕ್ತ ತೆಗೆಯುತ್ತಲೇ ಇರುತ್ತಾರೆ. ಒಂದು ಕೆಜಿ ಮಗುವಿನ ಮೈಯಲ್ಲಿ ಇರುವುದೇ ಸುಮಾರು 90 ಮಿಲಿ ರಕ್ತ. ಅದರಲ್ಲಿ ಒಂದೆರಡು ಮಿಲಿಯೂ ಸಣ್ಣದಲ್ಲ, ಅಲ್ವಾ?

ಬಹುಕಾಲ ವೈದ್ಯರಿಗೆ ಆಧಾರ ಹಿಮೋಗ್ಲೋಬಿನ್ ಒಂದೇ ಆಗಿತ್ತು. ಅದು ಇಳಿದರೆ ರಕ್ತ ಕೊಡುತ್ತಿದ್ದರು. 1972ರಲ್ಲಿ ರಕ್ತದ ಫೆರಿಟಿನ್ (ಕಬ್ಬಿಣವನ್ನು ಕೂಡಿಡುವ ಪ್ರೋಟೀನ್) ಅಳೆಯುವ ವಿಧಾನ ಬಂದ ಮೇಲೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟು ಎಂದು ಅಂದಾಜು ಮಾಡಲು ಸಾಧ್ಯವಾಯಿತು. ಆದರೆ ಸೋಂಕು ತಗುಲಿದರೆ ಕಬ್ಬಿಣ ಕಡಿಮೆಯಿದ್ದರೂ ಫೆರಿಟಿನ್ ಏರುತ್ತದೆ. ತೀವ್ರ ನಿಗಾದಲ್ಲಿರುವ ಮಗುವಿಗೆ ಸೋಂಕೇನು ಅಪರೂಪವೇ? ಹಾಗಾಗಿ ಆ ಸಂಖ್ಯೆಯೊಂದನ್ನೇ ನಂಬುವ ಹಾಗಿಲ್ಲ. ಹೊಸದಾಗಿ ಹುಟ್ಟಿದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಆಮೇಲೆ ಬಂತು.

ಇಷ್ಟೆಲ್ಲ ಯಾಕೆ ಬೇಕು? ಕಬ್ಬಿಣ ಕಡಿಮೆಯಾದಾಗ ಮೈ ಅದನ್ನು ಮೊದಲು ಕೆಂಪು ಕಣಗಳಿಗೆ ಕೊಡುತ್ತದೆ. ಬೆಳೆಯುತ್ತಿರುವ ಮಿದುಳು ಹಿಂದೆ ಬೀಳುತ್ತದೆ. ಹಿಮೋಗ್ಲೋಬಿನ್ ಇಳಿಯುವ ಹೊತ್ತಿಗೆ ಮಿದುಳಿಗೆ ಕೊರತೆ ಶುರುವಾಗಿರುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಇದೇ.

ಹಾಗಂತ ಸುಮ್ನೆ ಟಾನಿಕ್ ಸುರಿಯುವಂತಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಂಡ ಮಗುವಿನಲ್ಲಿ ಕಬ್ಬಿಣ ಹೆಚ್ಚೇ ಆಗಿರಬಹುದು. ಹೆಚ್ಚಾದದ್ದೂ ಹಾನಿ ಮಾಡುತ್ತದೆ. ಅಂಥ ಮಗುವಿಗೆ ಫೆರಿಟಿನ್ ನೋಡಿಕೊಂಡೇ ಔಷಧ ಶುರು ಮಾಡಬೇಕು. ಉಳಿದ ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಹುಟ್ಟಿದ ಕೆಲವೇ ವಾರಗಳಲ್ಲಿ ಶುರು. ಮಗುವಿನ ತೂಕದ ಪ್ರತಿ ಕೆಜಿಗೆ ದಿನಕ್ಕೆ 2ರಿಂದ 3 ಮಿಲಿಗ್ರಾಂ ಕಬ್ಬಿಣ.

ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಮುನ್ನ ಕನಿಷ್ಠ ಒಂದು ನಿಮಿಷ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ. ಅಷ್ಟು ಹೊತ್ತಿನಲ್ಲಿ ಮಗುವಿಗೆ ಹೆಚ್ಚು ರಕ್ತ, ಅದರೊಂದಿಗೆ ಕಬ್ಬಿಣ ಸೇರುತ್ತದೆ.

ತೊಡಕು ಇರುವುದು ಮನೆಗೆ ಹೋದ ಮೇಲೆ. 2018ರಲ್ಲಿ ಶುರುವಾದ ಸರ್ಕಾರದ ಅನೀಮಿಯಾ ಮುಕ್ತ ಭಾರತ ಯೋಜನೆಯ ಕಬ್ಬಿಣದ ಸಿರಪ್ ಸಾಮಾನ್ಯವಾಗಿ ಆರು ತಿಂಗಳ ನಂತರದ ಮಕ್ಕಳಿಗೆ. ಬೇಗ ಹುಟ್ಟಿದ ಮಗು ಅಲ್ಲಿಯವರೆಗೆ ಕಾಯಲಾರದು. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟು ಸಲ ರಕ್ತ ಕೊಟ್ಟರು, ಕೊನೆಯ ಫೆರಿಟಿನ್ ಎಷ್ಟು, ಕಬ್ಬಿಣದ ಡ್ರಾಪ್ಸ್ ಎಷ್ಟು ಎಂದು ಬರೆಸಿಕೊಳ್ಳಿ. ಅದನ್ನು ಆಶಾ ಕಾರ್ಯಕರ್ತೆಗೂ ತೋರಿಸಿ. ತೂಕ ಏರಿದಂತೆ ಡ್ರಾಪ್ಸ್ ಅಳತೆಯನ್ನೂ ವೈದ್ಯರು ಏರಿಸಬೇಕಾಗುತ್ತದೆ.