ಐರಿಶ್ ಕೊಳಲಿನ ವ್ಯಂಜನಗಳು

ಕನ್ನಡದಲ್ಲಿ ಸರಿಗಮವೂ ಸ್ವರವೇ, ಅಆಇಈ ಕೂಡ ಸ್ವರವೇ. ಐರಿಶ್ ಕೊಳಲಿನ 'ಕಟ್' ಎಂಬ ಬೆರಳಿನ ಅಲಂಕಾರ ಮಾತ್ರ ಎರಡು ಅರ್ಥದಲ್ಲೂ ಸ್ವರವಲ್ಲ, ಅದು ವ್ಯಂಜನ. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಶನ್ನಿನಲ್ಲಿ ಅದನ್ನು ಪುಟ್ಟ ಸ್ವರದಂತೆ ಬರೆಯುವುದರಿಂದ ಕಲಿಯುವವರು ಸ್ವರದಂತೆಯೇ ನುಡಿಸುತ್ತಾರೆ. ಕೆಡುವುದು ಅಲ್ಲೇ.

'ಆ ಆ ಆ' ಎಂದು ಉಸಿರು ತುಂಡರಿಸದೆ ಹೇಳಿದರೆ ಒಂದೇ ಉದ್ದನೆಯ ಆಕಾರವಾಗುತ್ತದೆ. ಒಂದೇ ಸ್ವರ ಮೂರು ಸಲ ಬಂದಾಗ ಕೊಳಲಿನ ಪಾಡೂ ಅದೇ. ಆರ್ಕೆಸ್ಟ್ರಾದವರು ನಾಲಿಗೆಯಿಂದ ತುಂಡರಿಸುತ್ತಾರೆ. ಬ್ಯಾಗ್‌ಪೈಪಿನಲ್ಲಿ ಗಾಳಿ ಚೀಲದಿಂದ ಬರುವುದರಿಂದ ನಾಲಿಗೆಗೆ ಕೆಲಸವಿಲ್ಲ, ಬೆರಳೇ ತುಂಡರಿಸಬೇಕು. ಐರಿಶ್ ಕೊಳಲಿನವರು ಆ ಪೈಪಿನ ದಾರಿ ಹಿಡಿದವರು.

ಆರು ರಂಧ್ರಗಳ ಮರದ ಕೊಳಲಿನಲ್ಲಿ ಎಡಗೈಯ ಮೂರು ರಂಧ್ರ ಮುಚ್ಚಿದರೆ ಪಾಶ್ಚಾತ್ಯರು 'ಜಿ' ಎನ್ನುವ ಸ್ವರ. ಎಡ ಉಂಗುರ ಬೆರಳನ್ನು ಚಕ್ಕನೆ ಎತ್ತಿ ಇಳಿಸಿದರೆ ಕಟ್. ಬಲಗೈ ತೋರುಬೆರಳಿನಿಂದ ಕೆಳಗಿನ ರಂಧ್ರವನ್ನು ಪುಟಿಯುವಂತೆ ತಟ್ಟಿದರೆ 'ಟ್ಯಾಪ್'. ಕಟ್‌ಗೆ ಬೆರಳು ಕೂದಲೆಳೆಯಷ್ಟು ಎದ್ದರೆ ಸಾಕು. ಟ್ಯಾಪ್‌ಗೆ ಮಾತ್ರ ತುಸು ಮೇಲಿನಿಂದಲೇ ಬೀಳಬೇಕು, ಇಲ್ಲದಿದ್ದರೆ ಪುಟಿಯುವುದಿಲ್ಲ.

ಜಿ ಸ್ವರದ ಕಂಪನ ಸೆಕೆಂಡಿಗೆ ಸುಮಾರು 392, ಅಂದರೆ ಒಂದು ಕಂಪನಕ್ಕೆ ಎರಡೂವರೆ ಮಿಲಿಸೆಕೆಂಡ್. ಶ್ರುತಿ ಇಂಥದ್ದೆಂದು ಕಿವಿ ಗುರುತಿಸಲು ಹಲವು ಕಂಪನ ಬೇಕು. ನಳಿಗೆಯೊಳಗೆ ಹೊಸ ಸ್ವರ ನೆಲೆಯೂರುವುದಕ್ಕೂ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಬೆರಳು ಮರಳಿದರೆ ಕೇಳುವುದು 'ಟಿಕ್' ಎಂಬ ಅಂಚು ಮಾತ್ರ, ಸ್ವರವಲ್ಲ. ನಮ್ಮ ಗಮಕದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೇ ರುಚಿ. ಇಲ್ಲಿ ದಾರಿ ಕಿವಿಗೆ ಬಿದ್ದರೆ ತಪ್ಪು.

ಇವೆರಡೂ ಸೇರಿ 'ರೋಲ್' ಆಗುತ್ತದೆ. ಜಿಗ್ ಎಂಬ ಕುಣಿತದ ಮಟ್ಟಿನ ಮೂರು ಮಾತ್ರೆಗಳಲ್ಲಿ ಮೊದಲನೆಯದು ಬರಿಯ ಜಿ, ಎರಡನೆಯದು ಕಟ್‌ನಿಂದ ಶುರು, ಮೂರನೆಯದು ಟ್ಯಾಪ್‌ನಿಂದ. 'ಅಕಪ, ಅಕಪ' ಎಂದು ಹೇಳಿಕೊಂಡರೆ ಅದೇ ರೋಲ್. ಜಿ-ಎ-ಜಿ-ಎಫ್ ಶಾರ್ಪ್-ಜಿ ಎಂದು ಐದು ಸಮ ಸ್ವರ ನುಡಿಸಿದರೆ ಕುಣಿಯುವವರ ಕಾಲಿಗೆ ಹಿಡಿತ ಸಿಗದು. ಕಟ್ ಮಾತ್ರೆಯ ಮುಂಚೆ ಅಲ್ಲ, ಸರಿಯಾಗಿ ಮಾತ್ರೆಯ ಮೇಲೇ ಬೀಳಬೇಕು.

ತೀರಾ ಕೆಳಗಿನ 'ಡಿ'ಯಲ್ಲಿ ಆರೂ ರಂಧ್ರ ಮುಚ್ಚಿರುತ್ತವೆ. ಟ್ಯಾಪ್ ಮಾಡಲು ಕೆಳಗೆ ರಂಧ್ರವೇ ಉಳಿದಿಲ್ಲ! ಅದಕ್ಕೆ ಐರಿಶ್ ಬ್ಯಾಗ್‌ಪೈಪಾದ ಇಲನ್ ಪೈಪಿನಿಂದ ಬಂದ 'ಕ್ರ್ಯಾನ್' ಇದೆ: ಬೇರೆ ಬೇರೆ ಬೆರಳುಗಳಿಂದ ಬೆನ್ನುಬೆನ್ನಿಗೆ ಕಟ್. ಅದೇ ಬೆರಳನ್ನು ಮತ್ತೆ ಎತ್ತಲು ಹೋದರೆ ತಡವಾಗುತ್ತದೆ. ಐರ್ಲೆಂಡಿನ ರಾಸ್ಕಾಮನ್ ಕೌಂಟಿಯ ಕೊಳಲುವಾದಕ ಮ್ಯಾಟ್ ಮಲಾಯ್ ಪೈಪಿನ ಈ ಬೆರಳಾಟವನ್ನು ಕೊಳಲಿಗೆ ಧಾರಾಳವಾಗಿ ತಂದರು. 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣ ಮಾಡಿದ ಲೀಟ್ರಿಮ್ ಕೌಂಟಿಯ ಕೊಳಲುವಾದಕ ಜಾನ್ ಮೆಕೆನಾ ಅವರ ಬಿರುಸೆಲ್ಲ ಉಸಿರಿನ ಒತ್ತಿನಲ್ಲಿದೆ. ರೋಲ್ ಎಣಿಸಿ ಕಲಾವಿದನನ್ನು ಅಳೆಯುವವರು ಒಮ್ಮೆ ಅವರನ್ನು ಕೇಳಬೇಕು.

ಅಭ್ಯಾಸಕ್ಕೆ ಲಯ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು ಬಡಿತಕ್ಕೆ ಮೂರು ಮಾತ್ರೆ ಹಾಕಿ. ಗತಿ ಇಳಿಸಿದೆವೆಂದು ಕಟ್ ಅನ್ನೂ ನಿಧಾನಿಸುವುದು ಸಾಮಾನ್ಯ ತಪ್ಪು. 'ಕಾಗೆ'ಯ 'ಆ' ಎಷ್ಟು ಬೇಕಾದರೂ ಎಳೆಯಬಹುದು, 'ಕ್' ಅನ್ನು ಎಳೆಯಿರಿ ನೋಡೋಣ.